ಪೆನ್ಸಿಲಿನಲ್ಲಿ ಬರೆಯಬೇಕಾದ ಸಾಕ್ಷಿ

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ ನಮ್ಮ ಕ್ರೂಸರ್ ರಸ್ತೆ ಬಿಟ್ಟಿತು. ಮಸ್ಕಿಯಿಂದ ಸಿಂಧನೂರಿಗೆ ಜನರನ್ನು ತುಂಬಿಕೊಂಡು ಹೋಗುವ ಆ ಗಾಡಿ ಜಾಲಿಗಿಡಗಳನ್ನು ಮಲಗಿಸಿ ಕಾಲುವೆಯ ದಂಡೆಯ ಮೇಲೆ ನಿಂತಾಗ, ಮುಂದಿನ ಎಡಚಕ್ರದ ಕೆಳಗೆ ನೆಲ ಇರಲಿಲ್ಲ. ಆ ಚಕ್ರದ ನೇರ ಮೇಲಿನ ಸೀಟಿನಲ್ಲಿ ನಾನಿದ್ದೆ. ಕೆಳಗೆ ನೀರು ತನ್ನ ಪಾಡಿಗೆ ತಾನು ಹರಿಯುತ್ತಿತ್ತು.

“ಹಿಂದಿನವ್ರು ಯಾರೂ ಇಳೀಬ್ಯಾಡ್ರಿ! ಗಾಡಿ ಮುಗ್ಗರಿಸ್ತೈತಿ!” ಎಂದು ಡ್ರೈವರ್ ಹುಸೇನ್‌ಸಾಬ್ ಕೂಗಿದ. ನಾಟಿಗೆ ಹೊರಟಿದ್ದ ಹೆಣ್ಣುಮಕ್ಕಳು ಹಿಂದೆ ಗಟ್ಟಿಯಾಗಿ ಕುಳಿತರು. ಅವನು ತನ್ನ ಬಾಗಿಲಿನಿಂದ ಇಳಿದು, ನನ್ನ ರಟ್ಟೆ ಹಿಡಿದು ಎಳೆದುಕೊಂಡ. ಯಾರಿಗೂ ಏನೂ ಆಗಲಿಲ್ಲ. ನನ್ನ ನಿದ್ದೆ ಮಾತ್ರ ಹೋಯಿತು. ಕಣ್ಣು ಮುಚ್ಚಿದರೆ ನೀರು ಕಾಣುತ್ತಿತ್ತು, ಬಲಗಾಲು ತಾನಾಗಿಯೇ ಹಾಸಿಗೆಯನ್ನು ಒತ್ತುತ್ತಿತ್ತು. “ಇಲ್ಲಿ ಬ್ರೇಕ್ ಇಲ್ರಿ, ನಾ ಇದ್ದೀನಿ,” ಎಂದ ಹೆಂಡತಿ ಮರುದಿನ ತನ್ನ ಹಾಸಿಗೆಯನ್ನೇ ಬೇರೆ ಹಾಸಿಕೊಂಡಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬದುಕಿ ಬಂದವನು, ಅಷ್ಟೇ. ಆದರೆ ಮುಂದಿನ ಸೀಟಿನಲ್ಲಿ ಕುಳಿತವನು, ಅದರ ಮೇಲೆ ಕಾಲೇಜಿನಲ್ಲಿ ಇತಿಹಾಸ ಹೇಳುವವನು, ಸಾಕ್ಷಿಯಾಗದೆ ಗತಿಯಿರಲಿಲ್ಲ. ನಾಯಿ ಅಡ್ಡ ಬಂತೆಂದು ಹುಸೇನ್‌ಸಾಬ್ ಹೇಳುತ್ತಿದ್ದ. ತೂಕಡಿಸಿದ್ದಾನೆಂದು ಸಿಂಧನೂರಿನ ಗೌಡರು, ಅಂದರೆ ಗಾಡಿಯ ಮಾಲೀಕರು, ಹೇಳುತ್ತಿದ್ದರು. ಹಿಂದಿನ ಹೆಣ್ಣುಮಕ್ಕಳು ಎದುರುಬದುರು ಕುಳಿತು ಮಾತಿನಲ್ಲಿದ್ದವರು, ರಸ್ತೆ ನೋಡಿರಲಿಲ್ಲ.

“ಸರ್, ಅವ ತೂಕಡಿಸಿದ್ನೋ ಇಲ್ಲೋ, ಅಷ್ಟ ಹೇಳ್ರಿ ಸಾಕು. ತೂಕಡಿಸಿದ್ರ ಕೀಲಿ ಮತ್ತ ಅವನ ಕೈಗೆ ಕೊಡಂಗಿಲ್ಲ,” ಎಂದರು ಗೌಡರು. ಗುರುವಾರ ಹೇಳುತ್ತೇನೆಂದೆ.

ಹುಸೇನ್‌ಸಾಬ್ ಮಸ್ಕಿಯ ಚಹಾದಂಗಡಿಯಲ್ಲಿ ಸಿಕ್ಕ. “ಈ ಗಾಡಿ ಬಿಟ್ರ ನನಗ ಬ್ಯಾರೆ ಕೆಲಸ ಬರಂಗಿಲ್ರಿ ಸರ್. ನೀವು ನೋಡಿದ್ದು ಹೇಳ್ರಿ, ಜಾಸ್ತಿ ಏನೂ ಬ್ಯಾಡ.”

ನೋಡಿದ್ದೇನು? ಮೊದಲ ದಿನ ನೆನಪಿನಲ್ಲಿ ಗಾಜಿಗೆ ಬಡಿದ ಜಾಲಿಗಿಡ ಮಾತ್ರ ಇತ್ತು. ಮಂಗಳವಾರ ಅದಕ್ಕೆ ಹುಸೇನ್‌ಸಾಬನ ಕೆಂಪು ಕಣ್ಣು ಸೇರಿತು. ಬುಧವಾರದ ಹೊತ್ತಿಗೆ ಅವನ ತಲೆ ನಿಧಾನವಾಗಿ ಎದೆಗೆ ಬಾಗುವುದು, ಗಡ್ಡ ಅಂಗಿಯ ಗುಂಡಿಗೆ ತಾಗುವುದು, ಎಲ್ಲವೂ ಬಲು ಸ್ಪಷ್ಟವಾಗಿ ಕಾಣತೊಡಗಿತು.

ಇಲ್ಲಿ ನನ್ನ ಚಟದ ವಿಷಯ ಹೇಳಬೇಕು. ಲಿಂಗಸುಗೂರಿನ ನಿವೃತ್ತ ಶಿಕ್ಷಕಿ ಶರಣಮ್ಮ, ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟ ಬಸವರಾಜ, ಮಸ್ಕಿಯ ನಾನು, ಮೂವರೂ ಗೂಢ ಪದಬಂಧ ಬಿಡಿಸುವವರು. ಈ ಪದಬಂಧದ ಸುಳಿವು ನೇರವಾಗಿ ಮಾತನಾಡುವುದಿಲ್ಲ. ‘ತಲೆ ಕಳೆದುಕೊಂಡ ಅರಸ ಮಾವಿನ ಹಣ್ಣಿನಲ್ಲಿ ಸಿಗುತ್ತಾನೆ, ಎರಡಕ್ಷರ’ ಎನ್ನುತ್ತದೆ. ಅರಸನ ಮೊದಲಕ್ಷರ ತೆಗೆದರೆ ರಸ. ಇದು ಎಳೆಯದು, ಬಲಿತವು ಬಂದರೆ ಮೂರೂ ಊರುಗಳು ಮೊಬೈಲಿನಲ್ಲಿ ಒಟ್ಟಾಗಿ ತಲೆ ಕೆರೆದುಕೊಳ್ಳುತ್ತವೆ. ನಮ್ಮದು ಒಂದೇ ಕಟ್ಟಳೆ: ಗೊತ್ತಿದ್ದವರು ಉತ್ತರ ಹೇಳಬಾರದು, ಕೇಳಿದವರಿಗೇ ಮರುಪ್ರಶ್ನೆ ಹಾಕಬೇಕು. “ಆ ಅಕ್ಷರ ನಿಮಗ ಎಲ್ಲಿಂದ ಬಂತು?” ಎನ್ನುವುದು ಶರಣಮ್ಮನವರ ಕಾಯಂ ಪ್ರಶ್ನೆ. ಪದಬಂಧ ಕೆಡುವುದು ತಿಳಿಯದ ಪದದಿಂದಲ್ಲ. ಹೊಂದುವಂತೆ ಕಂಡ ತಪ್ಪು ಪದವೊಂದನ್ನು ಮೊದಲೇ ತುಂಬಿ, ಆಮೇಲೆ ಸರಿಯಾದವುಗಳನ್ನೆಲ್ಲ ಅದಕ್ಕೆ ಬಗ್ಗಿಸುವುದರಿಂದ.

ನಮ್ಮೂರ ಗುಡ್ಡದ ಶಾಸನವನ್ನು ಮಳೆ ಗಾಳಿ ಅಲ್ಲಲ್ಲಿ ತಿಂದಿವೆ. ಶಾಸನ ಓದುವವರು ಸವೆದ ಅಕ್ಷರದ ಜಾಗದಲ್ಲಿ ಚುಕ್ಕಿಗಳನ್ನಿಟ್ಟು ಮುಂದೆ ಹೋಗುತ್ತಾರೆ. ಪ್ರತಿ ವರ್ಷ ತರಗತಿಯಲ್ಲಿ ಆ ಸಂಯಮವನ್ನು ಕೊಂಡಾಡುವವನು ನಾನೇ. ಆದರೆ ನನ್ನೆದುರು ಒಂದು ಚೌಕ ಖಾಲಿ ಉಳಿದರೂ ಊಟ ಸೇರುವುದಿಲ್ಲ.

ಬುಧವಾರ ಸಂಜೆ ನಮ್ಮ ಗುಂಪಿಗೆ ಬರೆದೆ: ನಾಳೆ ಗೌಡರಿಗೆ ಹೇಳಬೇಕು, ಪಾಪ ಹುಸೇನ್‌ಸಾಬನ ಕೆಲಸ ಹೋಗುತ್ತದೆ, ಆದರೆ ಅವನು ತೂಕಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಬಸವರಾಜ ಧ್ವನಿ ಸಂದೇಶ ಕಳಿಸಿದ. “ತೂಕಡಿಸಿದ್ದು ಪೆನ್ನಿಲೆ ಬರದೀರೋ, ಪೆನ್ಸಿಲಿಲೆ ಬರದೀರೋ ಸರ್?”

ಪೆನ್ನಿನಿಂದಲೇ, ಅಳಿಸುವಂಥದ್ದಲ್ಲ ಎಂದೆ. ಶರಣಮ್ಮ ನೇರವಾಗಿ ಫೋನು ಮಾಡಿದರು.

“ಸರ್, ಆ ಬಗ್ಗಿದ ತಲಿ ನಿಮಗ ಎಲ್ಲಿಂದ ಬಂತು?”

“ಬಾಜೂಕ ಕುಂತಿದ್ನಲ್ರಿ ಟೀಚರ್.”

“ಕುಂತಿದ್ರಿ, ಖರೆ. ಆದ್ರ ಗಾಡಿ ರಸ್ತೆ ಬಿಟ್ಟ ಒಂಬತ್ತು ಹದಿನೇಳಕ್ಕ, ಗುಂಪಿನ್ಯಾಗ ಹೊತ್ತು ಐತಿ ನೋಡ್ರಿ, ಏಳನೇ ಸುಳಿವಿಗೆ ದಾರಿ ತೋರ್ಸ್ರಿ ಅಂತ ನಮಗ ಬರಿಯಾಕತ್ತಿದ್ರಿ. ಆ ಹೊತ್ತಿನ್ಯಾಗ ನೀವು ರಸ್ತೆ ಮ್ಯಾಲ ಎಲ್ಲಿದ್ರಿ? ನಮ್ಮ ಕೂಡ ಇದ್ರಿ.”

ತೊಡೆಯ ಮೇಲೆ ಪತ್ರಿಕೆ, ಕೈಯಲ್ಲಿ ಮೊಬೈಲು. ಆ ಸೀಟಿನಲ್ಲಿ ತಲೆ ಬಗ್ಗಿಸಿಕೊಂಡು ಕುಳಿತಿದ್ದವನು ನಾನು.

ಗುರುವಾರ ಸಿಂಧನೂರಿಗೆ ಹೋಗಿ, ಹುಸೇನ್‌ಸಾಬನ ಎದುರೇ ಗೌಡರಿಗೆ ಹೇಳಿದೆ: ನಾನು ನೋಡಿಲ್ಲ.

“ಮುಂದ ಕುಂತು ನೋಡಿಲ್ಲಂದ್ರ? ಏನ್ ಮಾಡಾಕತ್ತಿದ್ರಿ?”

“ಪದಬಂಧ ಬಿಡಸಾಕತ್ತಿದ್ದೆ.”

“ಪೇಪರಿನ್ಯಾಗಿನ ಚೌಕಡಿ ಆಟ? ಅದಕ್ಕೇನು ಬಹುಮಾನ ಐತೇನ್ರಿ?”

“ಇಲ್ರಿ.”

“ಇಂಥವ್ರ ಮಾತು ಕೇಳಿ ಡ್ರೈವರನ್ನ ಬಿಡಸ್ತಿದ್ನಲ್ಲಪ್ಪಾ,” ಎಂದು ಗೌಡರು ತಮಗೇ ಹೇಳಿಕೊಂಡು, ಕೀಲಿಯನ್ನು ಹುಸೇನ್‌ಸಾಬನತ್ತ ಎಸೆದರು. ಅವನು ಗಾಳಿಯಲ್ಲೇ ಹಿಡಿದ. ತೂಕಡಿಸುವವನ ಕೈಯಲ್ಲ ಅದು ಎನ್ನಿಸಿತು; ಆದರೆ ಅಂದು ಊಹೆಗಳಿಗೆ ನಾನು ರಜೆ ಕೊಟ್ಟಿದ್ದೆ.

ಮರಳುವಾಗ ಅದೇ ಮುಂದಿನ ಸೀಟು. ಪತ್ರಿಕೆ ಮಡಚಿಟ್ಟು ರಸ್ತೆಯನ್ನೇ ನೋಡುತ್ತ ಕುಳಿತೆ. ಗೊಬ್ಬರದ ಚೀಲ ಹೇರಿದ ಟ್ರ್ಯಾಕ್ಟರು, ಕುರಿಹಿಂಡು, ಹಿಂದೆ ತಿರುಗಿ ಹರಟುತ್ತ ಎದುರಿಗೇ ಬರುವ ಬೈಕಿನವರು. ಒಂದೊಂದಕ್ಕೂ ನನ್ನ ಬಾಯಿಂದ ಸಣ್ಣ ಸದ್ದೊಂದು ಹೊರಡುತ್ತಿತ್ತು.

“ಸರ್, ನಿಮ್ಮ ಚೌಕಡಿ ತಗೀರಿ,” ಎಂದ ಹುಸೇನ್‌ಸಾಬ್ ಕೊನೆಗೆ. “ನೀವು ರಸ್ತೆ ನೋಡಾಕತ್ತಿದ್ರ ನನಗ ಅಂಜಿಕಿ ಬರ್ತೈತಿ.”

ನೋಡಿದ್ದನ್ನು ಮರೆಯಲಾಗದೆ ನಿದ್ದೆಗೆಟ್ಟಿದ್ದೇನೆ ಎಂದುಕೊಂಡಿದ್ದೆ. ನೋಡದೇ ಇದ್ದದ್ದನ್ನು ದಿನವೂ ನೆನಪಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ದುಡಿಮೆ. ಆ ದಿನದ ಪದಬಂಧದಲ್ಲಿ ಕೆಲವು ಚೌಕ ತುಂಬಲಿಲ್ಲ. ಹಾಗೆಯೇ ಬಿಟ್ಟು ದೀಪ ಆರಿಸಿದೆ. ಕಣ್ಣು ಬಿಟ್ಟಾಗ ಶುಕ್ರವಾರದ ಬಿಸಿಲು ಗೋಡೆಯ ಮೇಲಿತ್ತು.