ತ್ವಾನ್ ಅಜ್ಜಿಯ ಹುಳದ ಹಬ್ಬ

ಮಗಳ ಮೈಯಿಂದ ಹೆಂಡದ ವಾಸನೆ ಬರುತ್ತಿತ್ತು. ನಾವು ಮುದ್ದಿಗೆ ಸೀಗಡಿ ಎನ್ನುವ ಎರಡು ವರ್ಷದ ಕೂಸು! ತ್ವಾನ್ ಅಜ್ಜಿಯ ಮನೆಯಿಂದ ಸ್ಕೂಟರಿನಲ್ಲಿ ನಮ್ಮ ಮನೆ ಮುಟ್ಟುವವರೆಗೂ ನನ್ನ ಎದೆಗೊರಗಿ ನಿದ್ದೆ ಹೊಡೆದಳು. ಕೆನ್ನೆ ಬೇರೆ ಕೆಂಪಗಿತ್ತು. ಕುಡಿಸಿ ಮಲಗಿಸಿದ್ದಾರೆ ಎಂದು ಸಿಟ್ಟು ಬಂತು.

ಅಂದು ಚಾಂದ್ರಮಾನದ ಐದನೆಯ ತಿಂಗಳ ಐದನೆಯ ದಿನ, ಹುಳ ಕೊಲ್ಲುವ ಹಬ್ಬ. ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಕಪ್ಪಕ್ಕಿ ಹುಳಿಸಿ ಮಾಡಿದ ಹೆಂಡದನ್ನ ತಿಂದರೆ ಹೊಟ್ಟೆಯ ಹುಳ ಅಮಲೇರಿ ಸಾಯುತ್ತದೆ ಎನ್ನುವುದನ್ನು ನಮ್ಮ ಹೈಫಾಂಗ್ ಊರಿನಲ್ಲಿ ನಂಬದವರು ಕಡಿಮೆ. ಮಗಳನ್ನು ನೋಡಿಕೊಳ್ಳುವ ತ್ವಾನ್ ಅಜ್ಜಿಯಂತೂ ಅದನ್ನೇ ಅಡ್ಡೆಯಲ್ಲಿ ಹೊತ್ತು ಬೀದಿಬೀದಿ ಮಾರಿದವಳು. ತಾಯಿಯ ಹೆಗಲಿನಿಂದ ಅಡ್ಡೆ ಇವಳ ಹೆಗಲಿಗೆ ಬಂದಿತ್ತು. ಮಂಡಿ ಸೋತ ಮೇಲೆ ಮಕ್ಕಳನ್ನು ನೋಡಿಕೊಳ್ಳಲು ಕೂತಳು.

ಅದಕ್ಕೇ ನಾನು ಬೆಳಗ್ಗೆಯೇ ಎಚ್ಚರಿಸಿದ್ದೆ. "ಸೀಗಡಿಗೆ ಹೆಂಡದನ್ನ ಕೊಡಬೇಡಿ ಅಜ್ಜಿ. ಇದು ಚೀನಾದ ಮಂತ್ರಿಯೊಬ್ಬ ನದಿಗೆ ಹಾರಿ ಸತ್ತ ದಿನ ಅಂತ ಶಾಲೆಯಲ್ಲಿ ಓದಿದೀನಿ. ಹುಳಕ್ಕೂ ಇದಕ್ಕೂ ಏನು ಸಂಬಂಧ?"

"ಯಾವ ಮಂತ್ರಿಯೋ ತಾಯಿ, ನನ್ನ ಹತ್ರ ಒಂದು ಬಟ್ಟಲೂ ಕೊಂಡವನಲ್ಲ," ಎಂದು ನಿದ್ದೆಯಲ್ಲಿದ್ದ ಕೂಸನ್ನು ನನ್ನ ತೋಳಿನಿಂದ ಎತ್ತಿಕೊಂಡಿದ್ದಳು. ದಿನವೂ ಹೀಗೇ, ಕಂಪನಿ ಬಸ್ಸಿನ ಅವಸರದಲ್ಲಿ ನಾನು ಮಗಳನ್ನು ಎಬ್ಬಿಸುವುದೇ ಇಲ್ಲ.

ಸಂಜೆ ಕರೆತರಲು ಹೋದಾಗ ಕೇಳಿದರೆ ಅಜ್ಜಿ, "ಬಾಯಿಗೆ ಒಂದು ಕಾಳೂ ಹಾಕಿಲ್ಲ" ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅದನ್ನೂ ಗಮನಿಸಿದೆ.

"ನಾವೆಲ್ಲ ತಿಂದೇ ಬೆಳೆದೋರಲ್ವಾ?" ಎಂದು ಮನೆಯಲ್ಲಿ ಗಂಡ ಕಿಯೆನ್ ನಕ್ಕ. ನಾನು ನಗಲಿಲ್ಲ. ನಾಳೆಯಿಂದಲೇ ಸೇತುವೆಯಾಚೆಯ ಶಿಶುವಿಹಾರಕ್ಕೆ ಬಿಡುವುದೆಂದು ನಿರ್ಧರಿಸಿ, ಮಗಳನ್ನು ಸ್ನಾನಕ್ಕೆ ಕೂರಿಸಿದೆ. ಅಂಗಿ ತೆಗೆದರೆ ಹೊಕ್ಕುಳಿನ ಸುತ್ತ ನೇರಳೆ ಬಣ್ಣದ ಬಳೆಯಂಥ ಕಲೆ. ನಡುವೆ ಒಂದು ಕಪ್ಪಕ್ಕಿ ಕಾಳು ಅಂಟಿಕೊಂಡಿತ್ತು. ವಾಸನೆ ಅಲ್ಲಿಂದ. ಬಾಯಿ ಮೂಸಿದೆ, ಬರೀ ಹಾಲು. ಮತ್ತೊಮ್ಮೆ ಮೂಸಿದೆ.

ಆದರೂ ಕೇಳದೆ ಬಿಡಲಾಗಲಿಲ್ಲ. ಶಿಶುವಿಹಾರಕ್ಕೆ ಮಾಡಬೇಕಿದ್ದ ಫೋನನ್ನು ಅಜ್ಜಿಗೆ ಮಾಡಿದೆ.

"ಹೊಕ್ಕುಳಿಗೆ ಯಾಕೆ ಹಚ್ಚಿದ್ರಿ?"

"ಬಾಯಿಗೆ ಬೇಡ ಅಂದೆಯಲ್ಲ!" ಅವಳೇ ಮುಂದುವರಿಸಿದಳು. "ನಾವು ಏಳೋದ್ರೊಳಗೆ ಅಮ್ಮ ಅಡ್ಡೆ ಹೊತ್ತು ಹೋಗಿಬಿಡೋಳು. ಈ ಹಬ್ಬದ ದಿನ ಮಾತ್ರ ನಮ್ಮನ್ನ ಎಬ್ಬಿಸಿ, ಬಾಯಿಗೆ ಒಂದೊಂದು ಚಮಚ ಹಾಕಿ ಹೋಗೋಳು. ಕಣ್ಣು ಬಿಟ್ರೆ ಎದುರಿಗೆ ಅಮ್ಮನ ಮುಖ. ನನಗೆ ಹಬ್ಬ ಅಂದ್ರೆ ಅಷ್ಟೇ ತಾಯಿ. ಹುಳ ಸತ್ತವೋ ಬಿಟ್ಟವೋ, ಯಾರಿಗೆ ಗೊತ್ತು?"

ನನ್ನ ಮಗಳು ದಿನಾ ಕಣ್ಣು ಬಿಟ್ಟಾಗ ಕಾಣುವುದು ಇವಳ ಮುಖ.

"ಬಾಯಿಗೆ ನಿಜವಾಗ್ಲೂ ಹಾಕಿಲ್ಲ ತಾನೆ?"

"ಅಯ್ಯೋ, ಇನ್ನೂ ಅನುಮಾನ!"

"ಮುಂದಿನ ವರ್ಷ ನಾನೇ ಎಬ್ಬಿಸಿ ತಿನ್ನಿಸ್ತೀನಿ," ಎಂದೆ. "ಬಟ್ಟಲು ಕಳಿಸಿಕೊಡಿ. ಆದ್ರೆ ಒಂದೇ ಕಾಳು ಅಜ್ಜಿ."

"ಒಂದು ಕಾಳಿಗೆ ಯಾವ ಹುಳ ಸಾಯುತ್ತೆ!" ಅಜ್ಜಿ ನಗುತ್ತಲೇ ಕೇಳಿದಳು, "ನಾಳೆ ಕೂಸನ್ನ ಕರ್ಕೊಂಡು ಬರ್ತೀಯಾ?"

"ಬರ್ತೀನಿ. ಎಬ್ಬಿಸಿಯೇ ಬರ್ತೀನಿ."