ಮಸ್ಕತ್ತಿನಲ್ಲಿ ಕತ್ತರಿಗೆ ಬಗ್ಗದ ಕುಚ್ಚು

ಮಾಟ, ಗಾಳಿ, ದೆವ್ವ ಅಂತ ಯಾರಾದರೂ ಬಾಯಿ ತೆಗೆದರೆ ಎದ್ದು ಹೋಗುವ ಪೈಕಿ ನಾನು. ಈಗಲೂ ಅಷ್ಟೇ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ಬೇರೆಯವರ ತಲೆಯ ಮೇಲೆ ನಡೆದಿದ್ದರೆ ನಾನೂ ನಗುತ್ತಿದ್ದೆ.

ನಮ್ಮದು ತಾಳ್ಯದ ಹತ್ತಿರದ ಹಳ್ಳಿ, ಕುರಿ ಸಾಕುವ ಮನೆ. ಉಣ್ಣೆ ಕತ್ತರಿಸುವಾಗ ನಮ್ಮ ತಾತ ಪ್ರತಿ ಕುರಿಯ ಕತ್ತಿನ ಹಿಂದೆ ಒಂದು ಕುಚ್ಚು ಹಾಗೇ ಬಿಡುತ್ತಿದ್ದ. ಅದು ದೇವರ ಪಾಲಂತೆ. ಪೂರ್ತಿ ಬೋಳಿಸಿದರೆ ಕುರಿ ರಾತ್ರಿ ಕೂಡುವ ರೊಪ್ಪದ ದಾರಿ ಮರೆತು ಕಂಡವರ ಮಂದೆಗೆ ಸೇರಿಕೊಳ್ಳುತ್ತದಂತೆ. ಕುರಿಗೆ ಬಿಟ್ಟರೆ ಬಿಡಲಿ, ನನಗೂ ಅದೇ ಕತ್ತರಿಯಲ್ಲಿ ಕಟಿಂಗ್ ಮಾಡಿ, ನನ್ನ ಹಿಂದಲೆಯಲ್ಲೂ ಒಂದು ಕುಚ್ಚು ಬಿಡುತ್ತಿದ್ದ. ಶಾಲೆಯಲ್ಲಿ ಹಿಂದಿನ ಬೆಂಚಿನವರು ಅದನ್ನೆಳೆದು "ಬ್ಯಾ" ಅನ್ನುತ್ತಿದ್ದರು. ಹಿರಿಯೂರು–ಚಿತ್ರದುರ್ಗ ಬಸ್ಸು ಓಡಿಸುವ ಗಂಡಸಾದ ಮೇಲೂ ಬಿಡುಗಡೆ ಇರಲಿಲ್ಲ. ಬೇರೆ ಕಡೆ ಕಟಿಂಗ್ ಮಾಡಿಸುತ್ತೇನೆ ಅಂದರೆ ಮುದುಕ ಊಟ ಬಿಟ್ಟು ಮಲಗುತ್ತಿದ್ದ.

ಮಸ್ಕತ್ತಿನ ಹೋಟೆಲೊಂದರಲ್ಲಿ ಡ್ರೈವರ್ ಕೆಲಸ ಸಿಕ್ಕಾಗ, ಸುಳ್ಳು ಯಾಕೆ ಹೇಳಲಿ, ಮೊದಲು ನೆನಪಾಗಿದ್ದು ಕಟಿಂಗ್ ಶಾಪು. ಹೋದ ಹೊಸದರಲ್ಲೇ ಒಂದು ಸಂಜೆ ಬಾಂಗ್ಲಾದೇಶದವನೊಬ್ಬನ ಅಂಗಡಿಯಲ್ಲಿ ಕುಂತೆ. ಹಿಂದೆ ಒಂದು ಕೂದಲೂ ಉಳಿಯಬಾರದು ಅಂತ ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಅವನು ಮೆಷಿನ್ ಆಡಿಸಿ, ಹಿಂದೆ ಕನ್ನಡಿ ಹಿಡಿದು ತೋರಿಸಿದ. ನುಣ್ಣಗಿತ್ತು. ರೂಮಿಗೆ ಬಂದು ಸ್ನಾನ ಮಾಡುತ್ತಾ ಕತ್ತು ಮುಟ್ಟಿಕೊಂಡರೆ ಕುಚ್ಚು ಇದ್ದ ಜಾಗದಲ್ಲೇ ಇದೆ.

ತಲೆ ಕೆಟ್ಟುಹೋಯಿತು. ತಿರುಗಿ ಹೋಗಿ ಜಗಳ ತೆಗೆದೆ. ಅವನು ಮುಟ್ಟಿ ನೋಡಿ, ಮುಖ ಸಣ್ಣ ಮಾಡಿಕೊಂಡು, ಪುಕ್ಕಟೆ ಮತ್ತೆ ತೆಗೆದ. ಈ ಸಲ ಫೋನಿನಲ್ಲಿ ಫೋಟೋ ಹೊಡೆಸಿಕೊಂಡೆ. ಫೋಟೋದಲ್ಲಿ ಕುಚ್ಚಿಲ್ಲ. ಬೆಳಗ್ಗೆ ಎದ್ದರೆ ಕತ್ತಿನ ಮೇಲಿದೆ. ಬೇರೆ ಅಂಗಡಿಗೆ ಹೋದೆ, ಅಲ್ಲೂ ಅದೇ ಗೋಳು. ರೂಮಿನಲ್ಲಿದ್ದ ಮಲಯಾಳಿ ಬ್ಲೇಡು ತಗೊಂಡು ಚೆನ್ನಾಗಿ ಕೆರೆದುಕೊಟ್ಟ. ಮರುದಿನ ನನ್ನ ಹಿಂದಲೆ ನೋಡಿದವನು ತನ್ನ ಮಂಚವನ್ನು ದೂರ ಎಳಕೊಂಡ. ಇದೆಂಥ ಕರ್ಮ ಅಂತ ನಾನು ಒದ್ದಾಡುತ್ತಿದ್ದರೆ, ಹೋಟೆಲಿನ ಸೂಪರ್‌ವೈಸರ್ ಕರೆದು, ಈ ಜುಟ್ಟು ನಾಳೆಯೂ ಕಂಡರೆ ಊರಿಗೆ ಟಿಕೆಟ್ ತೆಗೆಸುತ್ತೇನೆ ಅಂದುಬಿಟ್ಟ.

ಸಿಟ್ಟಿನಲ್ಲಿ ಊರಿಗೆ ಫೋನ್ ಹಚ್ಚಿದೆ. ಅವ್ವ ನನ್ನ ಗೋಳೆಲ್ಲ ಕೇಳಿದಳು. ಆಮೇಲೆ ಮೆಲ್ಲಗೆ, "ನೀನು ಹೋದ್ಮ್ಯಾಲೆ ಉಣ್ಣೆ ಕತ್ತರಿಸಿದ್ವಿ ಕಣಪ್ಪ. ನಿಮ್ಮ ತಾತ ಒಂದು ಮರಿಗೆ ನಿನ್ನ ಹೆಸರಲ್ಲಿ ಕುಚ್ಚು ಬಿಟ್ಟವ್ರೆ. ದಿನಾ ಅದನ್ನ ಸವರ್ತಾ ಕುಂತಿರ್ತಾರೆ" ಅಂದಳು.

ನಂಬಿಕೆ ಇಲ್ಲದವನು ಇಂಥ ಮಾತಿಗೆ ನಗಬೇಕಿತ್ತು. ನಾನು ಫೋನು ತಾತನಿಗೆ ಕೊಡು ಅಂದೆ.

"ಏನಪ್ಪ, ಉಂಡ್ಯೇನೋ?"

"ಊಟ ಹಾಳಾಗ್ಲಿ ತಾತ. ಮೊದ್ಲು ಆ ಮರಿ ಕುಚ್ಚು ಕತ್ತರಿಸು."

"ಅದು ನಿಂದು ಕಣೋ."

"ನಂದು ಅಂತ್ಲೇ ಹೇಳ್ತಿರೋದು. ಅದ್ರಿಂದ ನನ್ನ ಕೆಲ್ಸ ಹೋಗ್ತೈತೆ."

"ಲೇ, ಒಂದ್ಸಲ ಕತ್ತರಿಸಿದ್ರೆ ತಿರುಗಿ ಬರಾಕಿಲ್ಲ. ನೋಡ್ಕ."

"ಬರೋದೇ ಬ್ಯಾಡ."

ಮುದುಕ ಕೆಮ್ಮಿದ. "ಆಯ್ತು ಬಿಡಪ್ಪ" ಅಂದ.

ಆ ಸಂಜೆ ಬಾಂಗ್ಲಾದವನು ಹೆದರಿಕೊಂಡೇ ಮೆಷಿನ್ ಇಟ್ಟ. ಮರುದಿನ ಬೆಳಗ್ಗೆ ಹಿಂದಲೆ ನುಣ್ಣಗಿತ್ತು. ಕೆಲಸ ಉಳಿಯಿತು. ಆದರೆ ಅಲ್ಲಿಂದ ಇಲ್ಲಿಯವರೆಗೆ ಆ ಜಾಗದಲ್ಲಿ ಒಂದು ಕೂದಲೂ ಹುಟ್ಟಿಲ್ಲ. ಡಾಕ್ಟರು ಅದಕ್ಕೊಂದು ಕಾಯಿಲೆಯ ಹೆಸರು ಹೇಳಿ ಮುಲಾಮು ಬರೆದುಕೊಟ್ಟರು. ದಿಂಬಿನ ಕವರೆಲ್ಲ ಜಿಡ್ಡಾಯಿತು, ಅಷ್ಟೇ ಲಾಭ.

ರಜೆಗೆ ಊರಿಗೆ ಬಂದಾಗ ಅವ್ವ ಹೇಳಿದಳು, ಆ ಮರಿ ಒಂದು ದಿನ ಮೇಯಲು ಹೋದದ್ದು ಬೇರೆಯವರ ಮಂದೆ ಹಿಂದೆ ಹೋಯಿತಂತೆ. ಹುಡುಕಿ ಎಳಕೊಂಡು ಬಂದರೂ ನಿಲ್ಲಲಿಲ್ಲವಂತೆ. ಮರಿಗಳು ಹಾಗೆ ಹೋಗುವುದು ಹೊಸದಲ್ಲ. ನಾನೂ ಹಾಗೇ ಅಂದುಕೊಂಡಿದ್ದೇನೆ.

ತಾತನಿಗೆ ಆಗ ಕಣ್ಣು ಮಂಜಾಗಿತ್ತು. ಆದರೂ ಕೂದಲು ಬೆಳೆದೈತೆ ಅಂತ ಜಗಲಿ ಮೇಲೆ ಕೂರಿಸಿಕೊಂಡು ಕತ್ತರಿ ತಗೊಂಡ. ನಾನು ಬೇಡ ಅನ್ನಲಿಲ್ಲ. ಮುಂದೆ, ಪಕ್ಕ ಎಲ್ಲ ಮುಗಿಸಿ ಹಿಂದಕ್ಕೆ ಬಂದವನ ಬೆರಳು ಆ ಬೋಳು ಜಾಗದಲ್ಲಿ ತಡಕಾಡಿತು. ಒಮ್ಮೆ ಮೇಲೆ ಹೋಯಿತು, ಮತ್ತೆ ಅಲ್ಲಿಗೇ ಬಂತು. ಇಷ್ಟು ವರ್ಷ ಆ ಕುಚ್ಚಿಗೆ ಶಾಪ ಹಾಕಿದ ನಾನು, ಯಾಕೋ ಗೊತ್ತಿಲ್ಲ, ಅವನ ಬೆರಳಿಗೆ ಸಿಗಲಿ ಅಂತ ತಲೆ ಇನ್ನಷ್ಟು ಬಗ್ಗಿಸಿದೆ.

"ಈಗ ಎಲ್ಲಿ ಬಿಡ್ಲಪ್ಪ?" ಅಂದ ತಾತ, ಕತ್ತರಿ ಕೈಯಲ್ಲೇ ಹಿಡಕೊಂಡು.