ಹುಬ್ಬಳ್ಳಿಯ ಗಂಟೆ ತೋರಿಸಿದ ಸರ್ವರ್

ಯಂತ್ರದ ವಿಷಯದಲ್ಲಿ ಯಾರಾದರೂ ಪವಾಡ ಅಂದರೆ ನನಗೆ ರೇಗುತ್ತದೆ. ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚುವ ಗೆಳೆಯರನ್ನು ಗೋಳು ಹೊಯ್ದುಕೊಂಡವನು ನಾನು. ಕಂಪ್ಯೂಟರ್ ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ. ಇವತ್ತಿಗೂ ಹಾಗೇ ನಂಬಿದ್ದೇನೆ. ಆದರೂ ಇದನ್ನು ಬರೆಯುತ್ತಿದ್ದೇನೆ, ನೀವು ನಂಬಲೇಬೇಕೆಂದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಟೆಕ್ಸಸ್‌ನ ರೌಂಡ್ ರಾಕ್‌ನ ನಮ್ಮ ಆಫೀಸಿನಲ್ಲಿ ವರ್ಚುವಲ್ ಸರ್ವರ್‌ಗಳನ್ನು ಸಿದ್ಧ ಮಾಡುವ ಕೆಲಸ ಹುಬ್ಬಳ್ಳಿಯ ಶಶಿಕಲಾ ಅವರದು. ಕೈಗೆ ಸಿಗುವ ಪೆಟ್ಟಿಗೆಗಳಲ್ಲ ಅವು; ದೊಡ್ಡ ಯಂತ್ರವೊಂದರ ಹೊಟ್ಟೆಯಲ್ಲಿ ನಮ್ಮ ಆದೇಶದಿಂದ ಹುಟ್ಟಿ, ಆದೇಶದಿಂದಲೇ ಅಳಿಯುವ ಕಂಪ್ಯೂಟರ್‌ಗಳು. ಒಂದೊಂದನ್ನೂ ಕೂತು ಅಣಿಗೊಳಿಸಿ, ಕೊನೆಗೆ ಅದರ ಗಡಿಯಾರವನ್ನು ಅವರು ಭಾರತದ ಸಮಯಕ್ಕೆ ತಿರುಗಿಸಿಬಿಡುತ್ತಿದ್ದರು. ನಾನು ಬೈದರೆ, "ಇರ್ಲಿ ಬಿಡ್ರಿ. ಅದನ್ನ ನೋಡಿದ್ರ ಅವ್ವ ಎದ್ದಾಳೋ ಮಲಗ್ಯಾಳೋ ಗೊತ್ತಾಗ್ತದ" ಎನ್ನುತ್ತಿದ್ದರು. ಲೆಕ್ಕ ತಪ್ಪಿ ನಮಗೆಲ್ಲ ತಲೆ ಚಿಟ್ಟು ಹಿಡಿಯುತ್ತಿತ್ತು.

ಆಮೇಲೆ ಅವರಿಗೆ ಕ್ಯಾನ್ಸರ್ ಎಂದು ತಿಳಿಯಿತು. ಚಿಕಿತ್ಸೆಗೆಂದು ಗಂಡನ ಜೊತೆ ಹ್ಯೂಸ್ಟನ್ನಿಗೆ ಹೋಗಿ, ಅಲ್ಲೇ ಪಕ್ಕದ ಮಿಸೌರಿ ಸಿಟಿಯ ತಂಗಿಯ ಮನೆಯಲ್ಲಿ ಉಳಿದರು. ಅವರ ಕೆಲಸ ನನ್ನ ಪಾಲಿಗೆ ಬಂತು. ಅಷ್ಟನ್ನೂ ಕೈಯಿಂದ ಮಾಡುವ ತಾಳ್ಮೆ ನನಗಿಲ್ಲ. ಒಂದೇ ಆದೇಶಕ್ಕೆ ಎಲ್ಲ ಸರ್ವರ್‌ಗಳೂ ಒಂದೇ ಅಚ್ಚಿನಲ್ಲಿ ಏಳುವಂತೆ, ಸಂಜೆಗೆ ತಾವಾಗಿ ಅಳಿಸಿಹೋಗುವಂತೆ ಆದೇಶಗಳ ಪಟ್ಟಿಯೊಂದನ್ನು, ಅಂದರೆ ಸ್ಕ್ರಿಪ್ಟನ್ನು, ಬರೆದೆ. ಗಡಿಯಾರ ಟೆಕ್ಸಸ್‌ನದೇ. ಫೋನಿನಲ್ಲಿ ಹೇಳಿದಾಗ ಅವರು ನಕ್ಕು, "ನಾ ಬಂದ ಮ್ಯಾಲೆ ಒಂದರದಾದ್ರೂ ತಿರುಗಸ್ತೀನಿ ನೋಡ್ರಿ" ಎಂದರು. ಬರುತ್ತಾರೆಂದು ನಾನು ನಂಬಿದ್ದೆ. ನಂಬದೆ ಬೇರೆ ದಾರಿಯಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಮನೆಯಲ್ಲೇ ಕೂತು ಸ್ಕ್ರಿಪ್ಟ್ ಓಡಿಸಿದೆ. ಎಲ್ಲವೂ ಎದ್ದವು. ಒಂದು ಮಾತ್ರ ನಡುರಾತ್ರಿ ಕಳೆದ ಹೊತ್ತನ್ನು ತೋರಿಸುತ್ತಿತ್ತು. ಅದು ಭಾರತದ ಸಮಯ. ಶಶಿಕಲಾ ಅವರೇ ಲಾಗಿನ್ ಆಗಿದ್ದಾರೆ, ಅಂದರೆ ಎದ್ದು ಕೂತಿದ್ದಾರೆ ಎಂದುಕೊಂಡು, ಖುಷಿ ತಡೆಯಲಾರದೆ ಒಬ್ಬನೇ ಜೋರಾಗಿ ನಕ್ಕೆ. "ಕೈ ಹಾಕಿದ್ರಲ್ಲ, ಸಿಕ್ಕಿಬಿದ್ರಿ!" ಎಂದು ಮೆಸೇಜ್ ಕಳಿಸಿದೆ. ಉತ್ತರ ಬರಲಿಲ್ಲ. ಆ ಸರ್ವರ್‌ಗೆ ಯಾರು ಬಂದುಹೋದರೆಂದು ನೋಡಿದೆ. ನನ್ನ ಹೊರತು ಯಾರೂ ಬಂದಿರಲಿಲ್ಲ. ಸ್ಕ್ರಿಪ್ಟಿನಲ್ಲಿ ಹುಡುಕಿದರೆ ಭಾರತದ ಹೆಸರೇ ಇಲ್ಲ. ಸರಿಪಡಿಸಲು ಮನಸ್ಸಾಗದೆ ಹಾಗೇ ಬಿಟ್ಟೆ.

ಸಂಜೆ ಅವರ ಗಂಡ ಬಸವರಾಜ್ ಫೋನ್ ಮಾಡಿದರು. "ಮಧ್ಯಾಹ್ನ ಹೋಗಿಬಿಟ್ಟಳ್ರಿ. ನಿನ್ನಿಯಿಂದ ಎಚ್ಚರಾನ ಇರಲಿಲ್ಲ."  ಆಮೇಲೆ ಕೇಳಿದರು: "ಊರಾಗ ಅವರವ್ವಗ ಹೇಳಬೇಕ್ರಿ. ಅಲ್ಲಿ ಈಗ ಎಷ್ಟಾಗಿರ್ತದ? ತಲಿನ ಓಡವಲ್ದು."

ನಾನು ಸ್ಕ್ರೀನಿನತ್ತ ತಿರುಗಿದೆ. ನಾನೇ ಬರೆದಿಟ್ಟಂತೆ ಎಲ್ಲ ಸರ್ವರ್‌ಗಳೂ ಅಳಿಸಿಹೋಗಿದ್ದವು. ಅಲ್ಲಿ ಇನ್ನೂ ಬೆಳಗಾಗಿಲ್ಲ ಎಂದೆ. "ಹಂಗಾರ ಮಲಗಿರ್ಲಿ ಪಾಪ" ಎಂದು ಅವರು ಫೋನ್ ಇಟ್ಟರು.

ಅದೇ ಸ್ಕ್ರಿಪ್ಟನ್ನು, ಒಂದಕ್ಷರವನ್ನೂ ಬದಲಿಸದೆ, ಆಮೇಲೆ ಎಷ್ಟೋ ಸಲ ಓಡಿಸಿದ್ದೇನೆ. ಮೊದಮೊದಲು ಕಾರಣ ಹುಡುಕಲು. ಈಗ ಯಾಕೆಂದು ನನಗೇ ತಿಳಿಯದು. ಒಂದಾದರೂ ತಪ್ಪು ಗಂಟೆ ತೋರಿಸಲಿ ಎಂದು ಕಾಯುತ್ತೇನೆ. ಎಲ್ಲವೂ ಸರಿಯಾಗಿಯೇ ತೋರಿಸುತ್ತವೆ.